ಔಷಧಿ ಮನೆಗೆ ತಲುಪಿಸುವ ಕಸುಬು: ಲೈಸೆನ್ಸ್ ಯಾರದು, ವಿಮೆ ಯಾರಿಗೆ?

ನಮ್ಮ ಕಡೆ ‘ಔಷಧಿ’ ಅಂದರೆ ಮೂರು ಅರ್ಥ. ಅಜ್ಜಿಯ ಬಿ.ಪಿ. ಮಾತ್ರೆಯೂ ಔಷಧಿ. ಹಸುವಿಗೆ ಕೆಚ್ಚಲು ಬಾವು ಬಂದಾಗ ಏರಿಸುವ ಟ್ಯೂಬೂ ಔಷಧಿ. ಟೊಮೆಟೊಗೆ ಹೊಡೆಯುವ ವಿಷವೂ ಔಷಧಿಯೇ. ಮಾತಿನಲ್ಲಿ ಮೂರನ್ನೂ ಒಂದೇ ಹೆಸರಿನಿಂದ ಕರೆದರೆ ನಷ್ಟವೇನಿಲ್ಲ. ಮೂರನ್ನೂ ಒಂದೇ ಬ್ಯಾಗಿಗೆ ತುಂಬಿಕೊಂಡು ಊರೂರು ಸುತ್ತಿ ದುಡಿಯೋಣ ಅಂತ ಹೊರಟರೆ ಮಾತ್ರ ತೊಂದರೆ. ಕಾನೂನು ಇವನ್ನು ಬೇರೆ ಬೇರೆಯಾಗಿ ನೋಡುತ್ತದೆ. ವಿಮೆ ಕಂಪನಿ ಅದಕ್ಕಿಂತಲೂ ಬಿಗಿಯಾಗಿ ನೋಡುತ್ತದೆ.

ಈ ವಿಷಯ ಬರೆಯಲು ಕಾರಣವಿದೆ. ನಮ್ಮ ಶಿವಾರಪಟ್ಟಣ ಕಲ್ಲು ಕೆತ್ತುವ ಶಿಲ್ಪಿಗಳ ಊರು. ಉಳಿದವರು ನಮ್ಮಂತೆ ರಾಗಿ, ಅವರೆ, ಹುರುಳಿ ಬಿತ್ತಿಕೊಂಡು ಒಂದೆರಡು ಸೀಮೆ ಹಸು ಕಟ್ಟಿಕೊಂಡವರು. ಡಾಕ್ಟರು ಬರೆದ ಮಾತ್ರೆಯೆಲ್ಲ ಹತ್ತಿರದಲ್ಲೇ ಸಿಗುತ್ತದೆ ಅನ್ನುವ ಹಾಗಿಲ್ಲ. ಮಾಲೂರಿಗೋ ಕೋಲಾರಕ್ಕೋ ಹೋಗಿ ಬಂದರೆ ಅರ್ಧ ದಿನದ ಕೂಲಿ ಹೋಯಿತು. ಇದನ್ನು ನೋಡಿದ ಹುಡುಗರಿಗೆ, ‘ನಾವೇ ತಂದುಕೊಟ್ಟರೆ ನಾಲ್ಕು ಕಾಸು ಆಗುತ್ತದಲ್ಲ’ ಎಂಬ ಯೋಚನೆ ಬರುವುದು ಸಹಜ. ನನ್ನ ತಮ್ಮನ ಮಗನಿಗೂ ಬಂದಿದೆ. ಕಾರ್ಖಾನೆಯ ಗುತ್ತಿಗೆ ಕೆಲಸ ಬಿಟ್ಟು, ಎರಡು ಕರೆಯುವ ಹಸು ಮಾರಿ, ಹಳೇ ಗೂಡ್ಸ್ ಆಟೋ ಕೊಳ್ಳುವ ಆಲೋಚನೆ ಅವನದು. “ದೊಡ್ಡಪ್ಪ, ಇದಕ್ಕೆ ಲೈಸೆನ್ಸ್ ಗೀಸೆನ್ಸ್ ಏನೂ ಬೇಡವಂತೆ, ಗಾಡಿ ಇದ್ದರೆ ಸಾಕಂತೆ” ಅಂದ.

ಹಸು ಮಾರಿದ ಮೇಲೆ ಕಾನೂನು ತಿಳಿದು ಏನು ಪ್ರಯೋಜನ? ಹಾಗಾಗಿ ಮೆಡಿಕಲ್ ಅಂಗಡಿಯವರು, ವಿಮೆ ಏಜೆಂಟರು, ಡಿ.ಫಾರ್ಮಾ ಓದಿದ ನಮ್ಮ ಕೇರಿಯ ಹುಡುಗಿ, ಹೀಗೆ ತಿಳಿದವರನ್ನೆಲ್ಲ ಕೇಳಿ ಬರೆದಿಟ್ಟುಕೊಂಡೆ. ಏಳನೇ ತರಗತಿ ಓದಿದ ನನಗೆ ಅರ್ಥವಾಗಿದೆ ಅಂದಮೇಲೆ ಓದುಗರಿಗೆ ಕಷ್ಟವಾಗಲಾರದು.

ಹಾಲಿಗೆ ಲ್ಯಾಕ್ಟೋಮೀಟರ್, ಮಾತ್ರೆಗೆ ಬಿಲ್ಲು

ಡೇರಿಗೆ ಹಾಲು ಹಾಕುವವರಿಗೆ ಗೊತ್ತು, ಹಾಲು ಎಷ್ಟು ಕೈ ದಾಟಿದರೂ ದಾರಿಯಲ್ಲಿ ಪರೀಕ್ಷೆ ಇದೆ. ಸಂಘದಲ್ಲಿ ಲ್ಯಾಕ್ಟೋಮೀಟರ್ ಇಳಿಬಿಡುತ್ತಾರೆ, ಫ್ಯಾಟ್ ನೋಡುತ್ತಾರೆ. ನೀರು ಬೆರೆಸಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಮಾತ್ರೆಗೆ ಅಂಥ ಅನುಕೂಲವಿಲ್ಲ. ಅಸಲಿಯೋ ನಕಲಿಯೋ, ಬಿಸಿಲಿಗೆ ಕೆಟ್ಟಿದೆಯೋ ಚೆನ್ನಾಗಿದೆಯೋ, ಕೈಯಲ್ಲಿ ಹಿಡಿದು ಯಾರೂ ಹೇಳಲಾರರು. ಆದ್ದರಿಂದ ಮಾತ್ರೆಯ ಲ್ಯಾಕ್ಟೋಮೀಟರ್ ಅಂದರೆ ಕಾಗದ. ಬಿಲ್ಲಿನಲ್ಲಿ ಔಷಧಿಯ ಹೆಸರು, ಬ್ಯಾಚ್ ನಂಬರು, ಅವಧಿ ಮುಗಿಯುವ ತಾರೀಕು, ಅಂಗಡಿಯ ಲೈಸೆನ್ಸ್ ನಂಬರು ಇದ್ದರೆ, ಆ ಮಾತ್ರೆ ಯಾವ ಕಾರ್ಖಾನೆಯಿಂದ ಯಾರ ಕೈ ದಾಟಿ ಬಂತು ಅಂತ ಹಿಂದಕ್ಕೆ ಹುಡುಕಬಹುದು. ಬಿಲ್ಲು ತಪ್ಪಿದರೆ ಜಾಡು ತಪ್ಪಿತು.

ಔಷಧಿಯ ಕಾನೂನು ಇರುವುದೇ ಈ ಜಾಡು ಕಾಯುವುದಕ್ಕೆ. ಇದೊಂದು ತಲೆಯಲ್ಲಿದ್ದರೆ ಮುಂದಿನದೆಲ್ಲ ಸುಲಭ.

ಲೈಸೆನ್ಸ್ ಅಂಗಡಿಗೆ, ಬ್ಯಾಗಿಗಲ್ಲ

ಮನುಷ್ಯರ ಔಷಧಿಗೂ ದನದ ಔಷಧಿಗೂ ಮೂಲ ಕಾನೂನು ಒಂದೇ: 1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯ್ದೆ ಮತ್ತು ಅದರ 1945ರ ನಿಯಮಗಳು. ಲೈಸೆನ್ಸ್ ಇಲ್ಲದೆ ಔಷಧಿ ಮಾರುವಂತಿಲ್ಲ, ಮಾರಲು ದಾಸ್ತಾನು ಇಡುವಂತಿಲ್ಲ, ವಿತರಿಸುವಂತಿಲ್ಲ ಅಂತ ಅದರ 18ನೇ ಕಲಮು ಹೇಳುತ್ತದೆ. ‘ವಿತರಿಸು’ ಎಂಬ ಮಾತನ್ನು ಗಮನಿಸಿ. ಲಾಭ ಇಟ್ಟುಕೊಂಡಿಲ್ಲ, ಕೊಂಡ ಬೆಲೆಗೇ ಕೊಟ್ಟೆ ಅಂದರೂ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಲೈಸೆನ್ಸ್ ಇಲ್ಲದೆ ಮಾರಿದ್ದು ಸಾಬೀತಾದರೆ 3ರಿಂದ 5 ವರ್ಷ ಜೈಲು, ಜತೆಗೆ 1 ಲಕ್ಷ ರೂಪಾಯಿ ಅಥವಾ ಹಿಡಿದ ಮಾಲಿನ ಬೆಲೆಯ ಮೂರರಷ್ಟು, ಇದರಲ್ಲಿ ಯಾವುದು ಹೆಚ್ಚೋ ಅದಕ್ಕೆ ಕಡಿಮೆಯಿಲ್ಲದ ದಂಡ.

ಚಿಲ್ಲರೆ ಅಂಗಡಿಗೆ ಬೇಕಾದ್ದು ಫಾರಂ 20 ಮತ್ತು 21ರ ಲೈಸೆನ್ಸ್. ಇನ್ಸುಲಿನ್, ಲಸಿಕೆ, ಕೆಲವು ಇಂಜೆಕ್ಷನ್‌ಗಳಿಗೆ 21 ಬೇಕೇ ಬೇಕು. ಅರ್ಜಿ ಫಾರಂ 19ರಲ್ಲಿ. ಕೊಡುವವರು ರಾಜ್ಯದ ಔಷಧ ನಿಯಂತ್ರಣದ ಅಧಿಕಾರಿಗಳು. ಮುಖ್ಯ ಷರತ್ತುಗಳು ಇವು:

1. ಕನಿಷ್ಠ 10 ಚದರ ಮೀಟರ್ ಜಾಗ. ಬಾಡಿಗೆಯಾದರೆ ಕರಾರು ಪತ್ರ.

2. ಫ್ರಿಜ್ಜು, ಔಷಧಿ ಇಡಲು ಸರಿಯಾದ ವ್ಯವಸ್ಥೆ.

3. ನೋಂದಾಯಿತ ಫಾರ್ಮಸಿಸ್ಟ್. ಅಂದರೆ ಡಿ.ಫಾರ್ಮಾ ಅಥವಾ ಬಿ.ಫಾರ್ಮಾ ಓದಿ ಕರ್ನಾಟಕ ರಾಜ್ಯ ಫಾರ್ಮಸಿ ಕೌನ್ಸಿಲ್‌ನಲ್ಲಿ ಹೆಸರು ಬರೆಸಿದವರು. ಮಾಲೀಕನೇ ಓದಿರಬೇಕೆಂದಿಲ್ಲ, ಸಂಬಳಕ್ಕೆ ಇಟ್ಟುಕೊಳ್ಳಬಹುದು. ಸರ್ಟಿಫಿಕೇಟು ಗೋಡೆಗೆ ನೇತುಹಾಕಿ ಫಾರ್ಮಸಿಸ್ಟ್ ಬೇರೆ ಕಡೆ ಇದ್ದರೆ ನಡೆಯದು. ಡಾಕ್ಟರ ಚೀಟಿಯ ಔಷಧಿ ಅವರ ಕಣ್ಣೆದುರಿಗೇ ಹೋಗಬೇಕು.

ಫೀ ಹೆಚ್ಚಿಲ್ಲ, ನಿಯಮದ ಪ್ರಕಾರ ಒಂದೊಂದು ಲೈಸೆನ್ಸಿಗೆ 1500 ರೂಪಾಯಿ. 2017ರ ತಿದ್ದುಪಡಿಯಾದ ಮೇಲೆ ಲೈಸೆನ್ಸಿಗೆ ನವೀಕರಣ ಅಂತ ಇಲ್ಲ. ಐದು ವರ್ಷಕ್ಕೊಮ್ಮೆ ಉಳಿಕೆ ಶುಲ್ಕ ಕಟ್ಟಿದರೆ ಮುಂದುವರಿಯುತ್ತದೆ. ಭಾರ ಬೀಳುವುದು ಫೀಯಿಂದಲ್ಲ, ಫಾರ್ಮಸಿಸ್ಟರ ತಿಂಗಳ ಸಂಬಳದಿಂದ.

‘ಔಷಧಿ ತಲುಪಿಸುವವನ ಲೈಸೆನ್ಸ್’ ಅಂತ ಬೇರೆ ಲೈಸೆನ್ಸೇ ಇಲ್ಲ. ತಮ್ಮನ ಮಗ ಹೇಳಿದ್ದು ಆ ಮಟ್ಟಿಗೆ ನಿಜ. ಆದರೆ ಅವನು ತಿಳಿದುಕೊಂಡ ಅರ್ಥ ಉಲ್ಟಾ. ಬೇರೆ ಲೈಸೆನ್ಸ್ ಇಲ್ಲ ಅಂದರೆ ಯಾರು ಬೇಕಾದರೂ ಮಾಡಬಹುದು ಅಂತ ಅಲ್ಲ. ಮಾರಾಟ ಅಂಗಡಿಯಲ್ಲೇ ಆಗಬೇಕು, ಹುಡುಗ ಅಂಗಡಿಯ ಕೈಯಾಗಿ ಮಾತ್ರ ಹೋಗಬೇಕು ಅಂತ ಅರ್ಥ.

ಹಳ್ಳಿಗೊಂದು ಸಣ್ಣ ಕಿಂಡಿ

ನಿಯಮಗಳ ‘ಕೆ’ ಷೆಡ್ಯೂಲಿನಲ್ಲಿ ಹಳ್ಳಿಗೆ ಒಂದು ರಿಯಾಯಿತಿ ಇದೆ. ಜನಸಂಖ್ಯೆ 1000 ದಾಟದ, ಲೈಸೆನ್ಸ್ ಇರುವ ಔಷಧಿ ಅಂಗಡಿ ಇಲ್ಲದ ಹಳ್ಳಿಯಲ್ಲಿ ಕೆಲವು ಮನೆಮದ್ದಿನಂಥ ಸರಕನ್ನು ಲೈಸೆನ್ಸ್ ಇಲ್ಲದೆ ಮಾರಬಹುದು. ಪ್ಯಾರಾಸಿಟಮಾಲ್ ಮಾತ್ರೆ, ನೋವಿನ ಮುಲಾಮು, ಹೊಟ್ಟೆಯುರಿಯ ಆಂಟಾಸಿಡ್, ಹತ್ತಿ, ಹರಳೆಣ್ಣೆ, ಟಿಂಚರ್ ಅಯೋಡಿನ್ ಇಂಥವು. ಲೈಸೆನ್ಸ್ ಇರುವ ಸಗಟು ವ್ಯಾಪಾರಿಯಿಂದಲೋ ತಯಾರಕರಿಂದಲೋ ತಂದಿರಬೇಕು, ಒಡೆಯದ ಮೂಲ ಪ್ಯಾಕಿನಲ್ಲೇ ಮಾರಬೇಕು. ಆಂಟಿಬಯಾಟಿಕ್, ನಿದ್ದೆ ಮಾತ್ರೆ, ಇಂಜೆಕ್ಷನ್ ಯಾವುದೂ ಇದರಲ್ಲಿ ಬರುವುದಿಲ್ಲ. ಮಕ್ಕಳ ಕೆಮ್ಮಿನ ಸಿರಪ್ಪಿನ ತಂಟೆಗಂತೂ ಹೋಗಲೇಬೇಡಿ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ವಿಷ ಬೆರೆತ ಸಿರಪ್ ಕುಡಿದು ಎಳೆ ಮಕ್ಕಳು ಸತ್ತದ್ದನ್ನು ಮರೆಯಬಾರದು.

ಈ ಕಿಂಡಿಯನ್ನು ಹೆಬ್ಬಾಗಿಲು ಅಂದುಕೊಂಡು ಮೆಡಿಕಲ್ ಸ್ಟೋರನ್ನೇ ಗಾಡಿಯಲ್ಲಿ ತಂದರೆ ಮೇಲೆ ಹೇಳಿದ 3 ವರ್ಷದ ಲೆಕ್ಕ ಶುರು.

ಹಾಗಾದರೆ ಬಾಗಿಲಿಗೆ ತಲುಪಿಸಬಹುದೋ ಇಲ್ಲವೋ?

ಕೊರೊನಾ ಕಾಲದಲ್ಲಿ, 2020ರ ಮಾರ್ಚ್ 26ರಂದು, ಕೇಂದ್ರ ಸರ್ಕಾರ ಮನೆಗೆ ಔಷಧಿ ತಲುಪಿಸುವುದರ ಬಗ್ಗೆ ಒಂದು ಅಧಿಸೂಚನೆ ಹೊರಡಿಸಿತು. ಅದು ಆ ಹೊತ್ತಿನ ತುರ್ತಿಗೆ ಬಂದ ಆದೇಶ. ಅದನ್ನೇ ನಂಬಿ ಜೀವಮಾನದ ಕಸುಬು ಕಟ್ಟಬಾರದು. ಆದರೆ ಅದರಲ್ಲಿದ್ದ ಷರತ್ತುಗಳು ಒಳ್ಳೆಯ ಪಾಠ:

• ಫಾರಂ 20, 21ರ ಲೈಸೆನ್ಸ್ ಇರುವ ಅಂಗಡಿಯವರೇ ತಲುಪಿಸಬೇಕು.
• ಡಾಕ್ಟರ ಚೀಟಿ ನೋಡಿಯೇ ಕೊಡಬೇಕು. ಬಹುಕಾಲದ ಕಾಯಿಲೆಗೆ ಚೀಟಿ ಬರೆದ 30 ದಿನದೊಳಗೆ, ತಟ್ಟನೆ ಬಂದ ಕಾಯಿಲೆಗೆ 7 ದಿನದೊಳಗೆ.
• ರೋಗಿಯ ಮನೆ ಅಂಗಡಿ ಇರುವ ಕಂದಾಯ ಜಿಲ್ಲೆಯಲ್ಲೇ ಇರಬೇಕು.
• ಮತ್ತು ಬರಿಸುವ ಔಷಧಿ, ‘ಎಚ್-1’ ಮತ್ತು ‘ಎಕ್ಸ್’ ಷೆಡ್ಯೂಲಿನ ಔಷಧಿ ಕೊಡುವಂತಿಲ್ಲ.

ಮಾಲೂರು ಗಡಿ ತಾಲೂಕು. ಈ ಕಡೆ ಹೊಸೂರು ಹತ್ತಿರ, ಜಿಲ್ಲೆಯ ಇನ್ನೊಂದು ಮೂಲೆಗೆ ಕುಪ್ಪಂ ಹತ್ತಿರ. ಅಲ್ಲಿ ಬೆಲೆ ಕಡಿಮೆ ಅಂತ ಚೀಲಗಟ್ಟಲೆ ತಂದು ಇಲ್ಲಿ ಹಂಚುವವರಿಗೆ ಆ ಮೂರನೇ ಷರತ್ತು ನೆನಪಿರಲಿ.

ಫೋನಿನಲ್ಲಿ ಆರ್ಡರ್ ತೆಗೆದುಕೊಳ್ಳುವ ಕಂಪನಿಗಳ ಕಥೆಯೂ ಸಲೀಸಲ್ಲ. 2018ರ ಆಗಸ್ಟ್‌ನಲ್ಲಿ ಇ-ಫಾರ್ಮಸಿಗೆ ಕರಡು ನಿಯಮ ಬಂತು. ಅದೇ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟು ಲೈಸೆನ್ಸ್ ಇಲ್ಲದ ಆನ್‌ಲೈನ್ ಔಷಧಿ ಮಾರಾಟಕ್ಕೆ ತಡೆ ಕೊಟ್ಟಿತು. ಕರಡು ವರ್ಷಗಟ್ಟಲೆ ಕರಡಾಗಿಯೇ ಉಳಿಯಿತು. ದೊಡ್ಡ ಕಂಪನಿಗಳಾದರೆ ವಕೀಲರನ್ನಿಟ್ಟು ವಾದಿಸುತ್ತವೆ. ಹಳ್ಳಿ ಹುಡುಗ ಯಾರನ್ನು ಇಟ್ಟಾನು?

ಆದ್ದರಿಂದ ತಲುಪಿಸುವವನಿಗೆ ನಾನು ಗುರುತು ಹಾಕಿಕೊಂಡ ಕಟ್ಟುಪಾಡು ಇಷ್ಟು. ಅಂಗಡಿಯವರಿಂದ ‘ಇವನು ನಮ್ಮ ಕೆಲಸದವನು’ ಅಂತ ಬರಹದಲ್ಲಿ ಪಡೆಯಬೇಕು. ಪ್ರತಿ ಪೊಟ್ಟಣ ರೋಗಿಯ ಹೆಸರಿನಲ್ಲಿ ಮುಚ್ಚಿರಬೇಕು, ಒಳಗೆ ಬಿಲ್ಲು ಇರಬೇಕು. ಹೆಸರಿಲ್ಲದ ಒಂದು ಮಾತ್ರೆಯೂ ಗಾಡಿಯಲ್ಲಿರಬಾರದು. ಮನೆ ಬಾಗಿಲು ಹಾಕಿದ್ದರೆ ಪೊಟ್ಟಣ ಅವತ್ತೇ ಅಂಗಡಿಗೆ ವಾಪಸು. ನಮ್ಮ ಮನೆಯಲ್ಲಿಟ್ಟರೆ ಅದು ‘ದಾಸ್ತಾನು’ ಅನ್ನಿಸಿಕೊಂಡೀತು. “ಆ ಮಾತ್ರೆ ಇಲ್ಲ, ಅದರ ಬದಲು ಇದು ತಗೊಳ್ಳಿ” ಎಂಬ ಮಾತು ಹುಡುಗನ ಬಾಯಲ್ಲಿ ಬರಲೇಬಾರದು.

ಇನ್ಸುಲಿನ್‌ನಂಥವಕ್ಕೆ 2ರಿಂದ 8 ಡಿಗ್ರಿ ತಂಪು ಬೇಕು. ಏಪ್ರಿಲ್ ಬಿಸಿಲಿನಲ್ಲಿ ಬೈಕಿನ ಡಬ್ಬಿ ಬಾಣಲೆಯಾಗಿರುತ್ತದೆ. ಐಸ್ ಪ್ಯಾಕ್ ಇಟ್ಟ ಪೆಟ್ಟಿಗೆ ಬೇಕು. ಐಸಿಗೆ ನೇರ ತಾಗಿ ಹೆಪ್ಪುಗಟ್ಟಿದರೂ ಇನ್ಸುಲಿನ್ ಕೆಟ್ಟಂತೆ, ನಡುವೆ ಬಟ್ಟೆಯೋ ರಟ್ಟೋ ಇರಲಿ.

ದನದ ಔಷಧಿ, ಬೆಳೆಯ ಔಷಧಿ

ದನದ ಔಷಧಿಗೂ ಅದೇ ಲೈಸೆನ್ಸ್, ಪಶು ವೈದ್ಯರ ಚೀಟಿ. ಅಂಗಡಿಯಲ್ಲಿ ಅದನ್ನು ಪ್ರತ್ಯೇಕ ಬೀರುವಿನಲ್ಲೋ ಪ್ರತ್ಯೇಕ ಭಾಗದಲ್ಲೋ ಇಡಬೇಕೆಂದು ನಿಯಮವಿದೆ. ದಾರಿಯಲ್ಲೂ ಪೆಟ್ಟಿಗೆ ಬೇರೆ ಇರಲಿ. ದನಕ್ಕೆ ಡೈಕ್ಲೋಫಿನಾಕ್ ನಿಷೇಧವಾಗಿ (2006) ಬಹಳ ವರ್ಷವಾಯಿತು, ಅದನ್ನು ಚುಚ್ಚಿದ ದನ ಸತ್ತಾಗ ತಿಂದ ರಣಹದ್ದುಗಳೂ ಸಾಯುತ್ತಿದ್ದವು. 2023ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೋಫಿನಾಕ್ ಕೂಡ ದನಗಳಿಗೆ ನಿಷೇಧವಾದವು. “ಮೊದಲು ಇದನ್ನೇ ಕೊಡುತ್ತಿದ್ದರು” ಅಂತ ಯಾರಾದರೂ ಕೇಳಿದರೆ ತಂದುಕೊಡುವವನು ಸಿಕ್ಕಿಬೀಳುತ್ತಾನೆ.

ಬೆಳೆಗೆ ಹೊಡೆಯುವುದು 1968ರ ಕೀಟನಾಶಕ ಕಾಯ್ದೆಗೆ ಸೇರಿದ್ದು. ಲೈಸೆನ್ಸ್ ಕೃಷಿ ಇಲಾಖೆಯದು. 2022ರ ನವೆಂಬರಿನ ತಿದ್ದುಪಡಿಯಲ್ಲಿ ಲೈಸೆನ್ಸ್ ಇರುವವರು ಇ-ವಾಣಿಜ್ಯದ ಮೂಲಕ ಮಾರಿ ರೈತರ ಬಾಗಿಲಿಗೆ ತಲುಪಿಸಬಹುದೆಂದು ಸೇರಿಸಿದ್ದಾರೆ. ಇಲ್ಲೂ ನೋಡಿ, ಲೈಸೆನ್ಸ್ ಇರುವವರು ಮಾತ್ರ! ಕೀಟನಾಶಕ ಆಹಾರಕ್ಕೂ ಪಶು ಆಹಾರಕ್ಕೂ ತಾಗುವಂತೆ ಸಾಗಿಸಬಾರದೆಂದು ನಿಯಮವೇ ಇದೆ. ಮನುಷ್ಯರ ಮಾತ್ರೆಯ ಜತೆ ಅದೇ ಗಾಡಿಯಲ್ಲಿ ಬೇಡವೇ ಬೇಡ ಅನ್ನುವುದು ನನ್ನ ಮಾತು.

ಓಲೆ ಇಲ್ಲದ ಹಸುವಿಗೆ ವಿಮೆ ಇಲ್ಲ

ಹಸುವಿನ ವಿಮೆ ಮಾಡಿಸಿದವರಿಗೆ ಕಿವಿಯೋಲೆಯ ಬೆಲೆ ಗೊತ್ತು. ಓಲೆ ಇಲ್ಲದಿದ್ದರೆ ಸತ್ತದ್ದು ಅದೇ ಹಸು ಅಂತ ಊರೆಲ್ಲ ಸಾಕ್ಷಿ ಹೇಳಿದರೂ ಕ್ಲೇಮು ಸಿಗುವುದಿಲ್ಲ. ಗಾಡಿ ವಿಮೆಯಲ್ಲಿ ಓಲೆಯ ಜಾಗದಲ್ಲಿ ಇರುವುದು ‘ಯಾವ ಉಪಯೋಗಕ್ಕೆ’ ಎಂಬ ಸಾಲು.

ಸ್ವಂತ ಬಳಕೆಯ ಬೈಕಿನ ಪಾಲಿಸಿ ತೆಗೆದು ಓದಿ. ಬಾಡಿಗೆಗೆ ಓಡಿಸುವುದು, ಸರಕು ಸಾಗಿಸುವುದು ಇದರಲ್ಲಿ ಸೇರಿಲ್ಲ ಅಂತ ಸಣ್ಣ ಅಕ್ಷರದಲ್ಲಿರುತ್ತದೆ. ಕೂಲಿಗೆ ಪೊಟ್ಟಣ ಹಂಚುವಾಗ ಗಾಡಿ ಗುದ್ದಿದರೆ ‘ಷರತ್ತು ಮುರಿದಿದೆ’ ಅಂತ ಕಂಪನಿ ಕೈಯಾಡಿಸಬಹುದು. ಎದುರಿನವನು ಸತ್ತರೆ ಇನ್ನೂ ಕಷ್ಟ. ಕಂಪನಿ ಮೊದಲು ಕೊಟ್ಟು ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಅಂತ ಕೋರ್ಟುಗಳು ಹೇಳಿದ ಪ್ರಕರಣಗಳಿವೆ. ವಸೂಲಿ ಅಂದರೆ ನಮ್ಮಂಥವರ ಬಳಿ ಇರುವುದು ಹೊಲ ತಾನೆ?

ಗೂಡ್ಸ್ ಆಟೋ ಆದರೆ ಹಳದಿ ಬೋರ್ಡು, ಫಿಟ್‌ನೆಸ್ ಸರ್ಟಿಫಿಕೇಟು, ಸರಕು ಗಾಡಿಯ ವಿಮೆ ಬೇಕು. ಒಟ್ಟು ತೂಕ 3000 ಕಿಲೋ ದಾಟದ ಸರಕು ಗಾಡಿಗೆ ಮೋಟಾರು ವಾಹನ ಕಾಯ್ದೆ ಪರ್ಮಿಟ್ಟಿನಿಂದ ವಿನಾಯಿತಿ ಕೊಟ್ಟಿದೆ. ಲಘು ವಾಹನದ ಡಿ.ಎಲ್. ಇದ್ದರೆ 7500 ಕಿಲೋವರೆಗಿನ ಸಾರಿಗೆ ಗಾಡಿ ಓಡಿಸಬಹುದೆಂದು ಸುಪ್ರೀಂ ಕೋರ್ಟು 2024ರ ನವೆಂಬರಿನಲ್ಲಿ ಹೇಳಿತು. ಹಳೇ ಗಾಡಿ ಕೊಂಡರೆ ಆರ್.ಸಿ. ಜತೆಗೆ ವಿಮೆಯನ್ನೂ ನಿಮ್ಮ ಹೆಸರಿಗೆ ಮಾಡಿಸಿ.

ವಿಮೆಯೇ ಇಲ್ಲದೆ ರಸ್ತೆಗಿಳಿದರೆ ಮೊದಲ ಸಲ 2000, ಮತ್ತೆ ಸಿಕ್ಕರೆ 4000 ರೂಪಾಯಿ ದಂಡ, ಜೈಲೂ ಆಗಬಹುದು.

ಓಡಿಸುವವನಿಗೆ ಏನಿದೆ?

ಥರ್ಡ್ ಪಾರ್ಟಿ ವಿಮೆ ಎದುರಿನವನಿಗೆ, ಓಡಿಸುವವನಿಗಲ್ಲ. ಮಾಲೀಕ-ಚಾಲಕನಿಗೆ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಬೇರೆ ಇದೆ. ಇದರಲ್ಲೊಂದು ಕೊಕ್ಕೆ: ಗಾಡಿ ಅಪ್ಪನ ಹೆಸರಲ್ಲಿದ್ದು ಮಗ ಓಡಿಸಿ ಬಿದ್ದರೆ ಆ 15 ಲಕ್ಷ ಬರುವುದಿಲ್ಲ. ಹಳ್ಳಿಯಲ್ಲಿ ಮುಕ್ಕಾಲು ಗಾಡಿ ಅಪ್ಪಂದಿರ ಹೆಸರಲ್ಲೇ ಇರುವುದು!

ಅಂಗಡಿ ಸಂಬಳಕ್ಕಿಟ್ಟ ಹುಡುಗ ಕೆಲಸದಲ್ಲಿದ್ದಾಗ ಬಿದ್ದರೆ ಪರಿಹಾರ ಮಾಲೀಕನ ಹೊಣೆ. 1923ರ ಕಾಯ್ದೆಯಿಂದ ಬಂದ ಈ ಹೊಣೆ, 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತೆಯ ಸಂಹಿತೆಯೊಳಗೆ ಸೇರಿದೆ. ಆದ್ದರಿಂದ ಕೆಲಸಕ್ಕೆ ಸೇರಿದ್ದಕ್ಕೆ ಕಾಗದ ಬೇಕು. ಆ್ಯಪ್ ಕಂಪನಿಗೆ ಓಡಿಸುವವರಿಗೆ ನಮ್ಮ ರಾಜ್ಯದಲ್ಲಿ 2025ರಲ್ಲಿ ಗಿಗ್ ಕಾರ್ಮಿಕರ ಕಾನೂನು ಬಂದಿದೆ, ಹೆಸರು ನೋಂದಾಯಿಸಿಕೊಳ್ಳಬೇಕು.

ಇದಲ್ಲದೆ ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ಬಿಮಾ ಮಾಡಿಸಿದರೆ ಅಪಘಾತದ ಸಾವಿಗೆ 2 ಲಕ್ಷ. 18ರಿಂದ 50 ವಯಸ್ಸಿನವರು 436 ರೂಪಾಯಿಯ ಜೀವನ ಜ್ಯೋತಿಗೆ ಸೇರಿದರೆ ಯಾವ ಕಾರಣದ ಸಾವಿಗೂ 2 ಲಕ್ಷ.

ಅಂಗಡಿ ಕಡೆಯಿಂದ ಬೇಕಾದ್ದು ಮೂರು: ದಾಸ್ತಾನಿಗೆ ಬೆಂಕಿ-ಕಳವಿನ ವಿಮೆ, ದಾರಿಯಲ್ಲಿರುವ ಸರಕಿನ ವಿಮೆ, ತಪ್ಪು ಔಷಧಿಯಿಂದ ಯಾರಿಗಾದರೂ ತೊಂದರೆಯಾದರೆ ಅದರ ಹೊಣೆಯ ವಿಮೆ. ಇವು ಕಾನೂನಿನ ಬಲವಂತಕ್ಕಲ್ಲ, ನಮ್ಮ ಉಳಿವಿಗೆ. 2019ರ ಗ್ರಾಹಕ ರಕ್ಷಣೆ ಕಾಯ್ದೆಯ ಪ್ರಕಾರ ರೋಗಿಯ ಮನೆಯವರು ಜಿಲ್ಲಾ ಆಯೋಗಕ್ಕೆ ಹೋಗಬಹುದು. ಒಂದು ಮಾತು: ಲೈಸೆನ್ಸ್ ಇಲ್ಲದ ವ್ಯಾಪಾರವನ್ನು ಯಾವ ವಿಮೆಯೂ ಕಾಪಾಡುವುದಿಲ್ಲ.

ಗಿರಾಕಿ ಎಷ್ಟು ಉಳಿದಾರು?

ಕಾನೂನಿನಷ್ಟೇ ಮುಖ್ಯ ಇದು. ಬಿ.ಪಿ., ಸಕ್ಕರೆ ಕಾಯಿಲೆಯವರೇ ತಿಂಗಳು ತಿಂಗಳು ಮಾತ್ರೆ ಕೊಳ್ಳುವ ಗಿರಾಕಿಗಳು. ಅವರನ್ನು ಮನೆಯಲ್ಲೇ ತಪಾಸಣೆ ಮಾಡಿ ಉಚಿತ ಮಾತ್ರೆ ಕೊಡುವ ಸರ್ಕಾರದ ‘ಗೃಹ ಆರೋಗ್ಯ’ ಯೋಜನೆ 2024ರ ಅಕ್ಟೋಬರಿನಲ್ಲಿ ಶುರುವಾದದ್ದೇ ನಮ್ಮ ಕೋಲಾರ ಜಿಲ್ಲೆಯಲ್ಲಿ. 2025ರಲ್ಲಿ ಬೇರೆ ಜಿಲ್ಲೆಗಳಿಗೂ ಹೋಯಿತು. ಗಡಿಯಾಚೆ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ ತಮಿಳುನಾಡು ಸರ್ಕಾರ 2021ರ ಆಗಸ್ಟ್ 5ರಂದೇ ಇಂಥದ್ದನ್ನು ಆರಂಭಿಸಿತ್ತು. ಬಡವರಿಗೆ ಒಳ್ಳೆಯದಾಯಿತು. ಕಸುಬು ಮಾಡುವವನು ಮಾತ್ರ ತನ್ನ ಲೆಕ್ಕದಿಂದ ಅಷ್ಟು ಮನೆ ಕಳೆಯಬೇಕು.

ಉದಾಹರಣೆಗೆ ಒಂದು ಲೆಕ್ಕ. ಮನೆಗೆ 20 ರೂಪಾಯಿಯಂತೆ ದಿನಕ್ಕೆ 18 ಮನೆ ಅಂದರೆ 360. ಪೆಟ್ರೋಲಿಗೆ 100, ಟೈರು, ಆಯಿಲ್, ರಿಪೇರಿ, ವಿಮೆಗೆ ಅಂತ ದಿನಕ್ಕೆ 80 ತೆಗೆದಿಡಿ. ಉಳಿದದ್ದು 180. ಎರಡು ಹಸು ಮಾರಿ ಮಾಡುವ ಕಸುಬೇ ಇದು? ಬೇರೆ ಕೆಲಸದ ಜತೆ ಎರಡು ಗಂಟೆಯದಾಗಿ ಮಾಡಿದರೆ ಸರಿ.

ಸಂಘದ ದಾರಿ

ಒಬ್ಬೊಬ್ಬ ಹುಡುಗ ಗಾಡಿ ಕೊಳ್ಳುವುದಕ್ಕಿಂತ ಊರಿಗೆ ಲೈಸೆನ್ಸ್ ತರುವುದು ಮೇಲು ಅಂತ ನನ್ನ ಅಭಿಪ್ರಾಯ. 2023ರಲ್ಲಿ ಕೇಂದ್ರ ಸರ್ಕಾರ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳಿಗೂ ಜನೌಷಧಿ ಕೇಂದ್ರ ತೆರೆಯಲು ಅವಕಾಶ ಕೊಟ್ಟಿತು. ಸಂಘಕ್ಕೆ ಕಟ್ಟಡ ಇರುತ್ತದೆ, ಲೆಕ್ಕ ಬರೆಯುವವರಿರುತ್ತಾರೆ. ಫಾರ್ಮಸಿ ಓದಿದ ಹಳ್ಳಿ ಹೆಣ್ಣುಮಕ್ಕಳು ದೂರದ ಪೇಟೆಗೆ ಹೋಗುವ ಬದಲು ಇಲ್ಲೇ ಕೂರಬಹುದು. ತಲುಪಿಸುವ ಹುಡುಗ ಸಂಘದ ನೌಕರನಾದರೆ ವಿಮೆಯೂ ಹೊಣೆಯೂ ಸಂಘದ ಹೆಸರಿಗೆ ಹೋಗುತ್ತವೆ.

ಅದು ಆಗುವವರೆಗೆ, ತಾಲೂಕಿನ ಯಾವುದಾದರೂ ಲೈಸೆನ್ಸ್ ಅಂಗಡಿಯವರ ಜತೆ ಕರಾರು ಮಾಡಿಕೊಳ್ಳಿ. ಹೊರಡುವ ಮುಂಚೆ ಈ ಐದು ಕಾಗದ ಕೈಯಲ್ಲಿರಲಿ: ಅಂಗಡಿಯ ಲೈಸೆನ್ಸಿನ ಪ್ರತಿ, ಅಂಗಡಿ ಕೊಟ್ಟ ನೇಮಕದ ಪತ್ರ, ಸರಕು ಸಾಗಿಸುವ ಉಪಯೋಗ ಬರೆದ ಗಾಡಿ ವಿಮೆ, ಓಡಿಸುವವನ ಹೆಸರಿನ ಅಪಘಾತ ವಿಮೆ, ಪ್ರತಿ ಪೊಟ್ಟಣದ ಬಿಲ್ಲು. ಐದರಲ್ಲಿ ಒಂದು ಕಡಿಮೆಯಾದರೂ ಹಸು ಕೊಟ್ಟಿಗೆಯಲ್ಲೇ ಇರಲಿ, ಹಾಲು ಕರೆದುಕೊಂಡು ತಣ್ಣಗಿರಬಹುದು.